ಹೆಸರು ಹಣದುಬ್ಬರದ್ದು, ಹುರುಳು ಔಷಧದ ಬೆಲೆಯದು

ಅಮೇರಿಕಾ ಸಂಯುಕ್ತ ಸಂಸ್ಥಾನದ ಅಧ್ಯಕ್ಷರಾಗಿದ್ದ ಜೋ ಬೈಡನ್ನರು 2022ನೆಯ ಇಸವಿ ಆಗಸ್ಟ್ 16ನೆಯ ತಾರೀಖು ರುಜು ಹಾಕಿದ ಕಾಯಿದೆಯೊಂದಕ್ಕೆ “ಹಣದುಬ್ಬರ ಇಳಿಕೆಯ ಕಾಯಿದೆ”ಯೆಂದು ಹೆಸರು. ವರುಷವೊಂದು ತುಂಬುವುದರೊಳಗಾಗಿ, 2023ನೆಯ ಆಗಸ್ಟಿನಲ್ಲಿ, ಯೂಟಾ ಪ್ರಾಂತದಲ್ಲಿ ತಮ್ಮ ಪಕ್ಷಕ್ಕೆ ಧನಸಹಾಯ ಮಾಡುವವರ ಮುಂದೆ ಮಾತನಾಡುತ್ತ ಅದೇ ಅಧ್ಯಕ್ಷರು, ಆ ಹೆಸರನ್ನು ಇಡದಿದ್ದರೆ ಚೆನ್ನಾಗಿತ್ತೆಂದೂ ಹಣದುಬ್ಬರವನ್ನು ಇಳಿಸುವುದಕ್ಕಿಂತ ಬೇರೆ ಕಾರ್ಯಗಳಿಗೇ ಅದರ ಸಂಬಂಧ ಹೆಚ್ಚೆಂದೂ ಒಪ್ಪಿಕೊಂಡರು. “ಹೆಸರು ಕ್ಷೀರಸಾಗರ ಭಟ್ಟರು, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ” ಎಂಬ ನಮ್ಮ ಗಾದೆ ಇಂತಹ ಪ್ರಸಂಗಗಳಿಗಾಗಿಯೇ ಹುಟ್ಟಿದ್ದು. ಆದರೆ ಈ ಭಟ್ಟರ ಮನೆಯಲ್ಲಿ ಮಜ್ಜಿಗೆ ಇರಲಿಲ್ಲವೆಂಬುದು ಎಷ್ಟು ನಿಜವೋ, ಕಣಜದಲ್ಲಿ ಬೇರೆ ಧಾನ್ಯವಿತ್ತೆಂಬುದೂ ಅಷ್ಟೇ ನಿಜ. ಎರಡು ಪಕ್ಷಗಳೂ ಮಜ್ಜಿಗೆಯ ವಿಷಯದಲ್ಲಿಯೇ ಜಗಳವಾಡಿ, ಧಾನ್ಯದ ಕಡೆಗೆ ಜನರ ದೃಷ್ಟಿ ಸಾಕಷ್ಟು ಹರಿಯದಂತೆ ಮಾಡಿದವೆಂಬುದೇ ನಮ್ಮ ಅಭಿಪ್ರಾಯ.

ಮೊದಲು ಉಬ್ಬರದ ಸಂಗತಿ. 2022ನೆಯ ಜೂನ್ ತಿಂಗಳಲ್ಲಿ ಆ ದೇಶದ ಜೀವನಾವಶ್ಯಕ ವಸ್ತುಗಳ ಬೆಲೆ ಹಿಂದಿನ ವರುಷದ ಅದೇ ತಿಂಗಳಿಗಿಂತ ಶೇಕಡಾ 9.1ರಷ್ಟು ಏರಿತ್ತು. ನಲವತ್ತು ವರುಷಗಳಲ್ಲಿ ಅಷ್ಟು ಏರಿಕೆಯನ್ನು ಆ ಜನ ಕಂಡಿರಲಿಲ್ಲ. ಮೋಟಾರು ಎಣ್ಣೆ ಗ್ಯಾಲನ್ ಒಂದಕ್ಕೆ ಸರಾಸರಿ 5 ಡಾಲರನ್ನು ಮೀರಿತು. ಇದಕ್ಕೆ ಕಾರಣವೇನೆಂದು ಕೇಳಿದರೆ ಪ್ರತಿಯೊಂದು ಪಕ್ಷವೂ ತನಗೆ ಅನುಕೂಲವಾದ ಕಾರಣವನ್ನು ಮಾತ್ರ ಹೇಳುತ್ತಿತ್ತು. ರಿಪಬ್ಲಿಕನ್ ಪಕ್ಷದವರ ಪ್ರಕಾರ, 2021ನೆಯ ಮಾರ್ಚಿಯಲ್ಲಿ ಬೈಡನ್ ಸರಕಾರವು ಪರಿಹಾರಾರ್ಥವಾಗಿ ಹಂಚಿದ 1.9 ಲಕ್ಷ ಕೋಟಿ ಡಾಲರುಗಳೇ ಎಲ್ಲ ಅನರ್ಥಕ್ಕೂ ಮೂಲ. ಡೆಮಾಕ್ರಟಿಕ್ ಪಕ್ಷದವರ ಪ್ರಕಾರ, ಕೋವಿಡ್ ರೋಗದಿಂದ ತುಂಡಾದ ಸರಕು ಸಾಗಣೆ, 2022ನೆಯ ಫೆಬ್ರವರಿಯಲ್ಲಿ ರಷ್ಯವು ಉಕ್ರೇನಿನ ಮೇಲೆ ಹೂಡಿದ ಯುದ್ಧ, ದೊಡ್ಡ ಕಂಪೆನಿಗಳ ಲಾಭಕೋರತನ ಇವೇ ಕಾರಣಗಳು.

ನ್ಯಾಯವಾಗಿ ಹೇಳಬೇಕಾದರೆ ರಿಪಬ್ಲಿಕನ್ನರ ಮಾತಿನಲ್ಲಿ ಹುರುಳಿಲ್ಲದೆ ಇರಲಿಲ್ಲ. ಡೆಮಾಕ್ರಟಿಕ್ ಪಕ್ಷದವರೇ ಆಗಿ, ಕ್ಲಿಂಟನ್ನರ ಕಾಲದಲ್ಲಿ ಹಣಕಾಸಿನ ಮಂತ್ರಿಯಾಗಿದ್ದ ಲಾರೆನ್ಸ್ ಸಮ್ಮರ್ಸ್ ಎಂಬ ಅರ್ಥಶಾಸ್ತ್ರಜ್ಞರು 2021ನೆಯ ಫೆಬ್ರವರಿಯಲ್ಲಿಯೇ ಇಷ್ಟು ಹಣವನ್ನು ಒಮ್ಮೆಗೇ ಸುರಿದರೆ ಬೆಲೆಗಳು ಕೈಮೀರಬಹುದೆಂದು ಎಚ್ಚರಿಸಿದ್ದರು. ಸ್ಯಾನ್ ಫ್ರಾನ್ಸಿಸ್ಕೋದ ಫೆಡರಲ್ ರಿಸರ್ವ್ ಬ್ಯಾಂಕಿನ ಪಂಡಿತರು 2022ರಲ್ಲಿ ಪ್ರಕಟಿಸಿದ ಲೆಕ್ಕದ ಮೇರೆಗೆ, ಸರಕಾರದ ಪರಿಹಾರ ವೆಚ್ಚಗಳು 2021ರ ಕೊನೆಯ ಹೊತ್ತಿಗೆ ಹಣದುಬ್ಬರಕ್ಕೆ ಸುಮಾರು 3 ಅಂಶಗಳಷ್ಟನ್ನು ಕೂಡಿಸಿದ್ದಿರಬಹುದು. ಆದರೆ ಆ ವೆಚ್ಚಗಳ ಪೈಕಿ ಅತಿ ದೊಡ್ಡದೊಂದು, ಅಂದರೆ 2020ನೆಯ ಮಾರ್ಚಿಯ ಸುಮಾರು 2.2 ಲಕ್ಷ ಕೋಟಿ ಡಾಲರುಗಳ ಕಾಯಿದೆಯು, ರಿಪಬ್ಲಿಕನ್ ಅಧ್ಯಕ್ಷರಾದ ಟ್ರಂಪರ ರುಜುವಿನಿಂದಲೇ ಜಾರಿಗೆ ಬಂದದ್ದೆಂಬುದನ್ನು ಆ ಪಕ್ಷದ ಭಾಷಣಕಾರರು ನೆನೆಯಲಿಲ್ಲ. ಅಧಿಕಾರದಲ್ಲಿದ್ದಾಗ ಕೊಟ್ಟದ್ದು ದಾನ, ಎದುರು ಪಕ್ಷ ಕೊಟ್ಟದ್ದು ದುಂದು. ಈ ಗಣಿತವು ಸಮುದ್ರದಾಚೆಯವರಿಗೆ ಮಾತ್ರ ಸೇರಿದ್ದಲ್ಲವೆಂಬುದನ್ನು ವಾಚಕರು ಬಲ್ಲರು.

ಇಂತಹ ಸಮಯದಲ್ಲಿ ಈ ಮಸೂದೆ ಹುಟ್ಟಿತು. ಹುಟ್ಟಿತೆನ್ನುವುದಕ್ಕಿಂತ ಮರುಹುಟ್ಟು ಪಡೆಯಿತೆನ್ನುವುದೇ ಸರಿ. ಬೈಡನ್ನರು ಮೊದಲು ತಂದಿದ್ದ ಬೃಹತ್ ವೆಚ್ಚದ ಮಸೂದೆಯು 2021ನೆಯ ನವೆಂಬರಿನಲ್ಲಿ ಪ್ರತಿನಿಧಿ ಸಭೆಯನ್ನು ದಾಟಿತಾದರೂ, ವೆಸ್ಟ್ ವರ್ಜೀನಿಯಾ ಪ್ರಾಂತದ ಡೆಮಾಕ್ರಟಿಕ್ ಸೆನೆಟರ್ ಜೋ ಮ್ಯಾನ್ಚಿನ್ ಎಂಬವರು ಡಿಸೆಂಬರಿನಲ್ಲಿ ತಾವು ಒಪ್ಪಲಾರೆವೆಂದುದರಿಂದ ಮಣ್ಣುಗೂಡಿತು. ಐವತ್ತಕ್ಕೆ ಐವತ್ತಾಗಿ ಒಡೆದಿದ್ದ ಸೆನೆಟ್ಟಿನಲ್ಲಿ ಒಬ್ಬೊಬ್ಬ ಸದಸ್ಯನೂ ಪಾಳೆಯಗಾರನೇ. 2022ನೆಯ ಜುಲೈ 27ರಂದು ಮ್ಯಾನ್ಚಿನ್ನರಿಗೂ ಪಕ್ಷದ ನಾಯಕ ಷೂಮರರಿಗೂ ಒಪ್ಪಂದವಾಗಿ, ಹಳೆಯ ಮಸೂದೆಯ ಕೆಲವು ಭಾಗಗಳು ಹೊಸ ಹೆಸರಿನಿಂದ ಸಭೆಗೆ ಬಂದವು. ಬೆಲೆಯೇರಿಕೆಯಿಂದ ಕಂಗಾಲಾದ ಮತದಾರನಿಗೆ ಹಿಡಿಸುವಂತಹ ಹೆಸರನ್ನು ಆರಿಸಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ಆಗಸ್ಟ್ 7ರಂದು ಸೆನೆಟ್ಟಿನಲ್ಲಿ ಮತಗಳು ಸಮಸಮವಾಗಲು, ಉಪಾಧ್ಯಕ್ಷೆ ಕಮಲಾ ಹ್ಯಾರಿಸರ ಒಂದು ಮತದಿಂದ ಮಸೂದೆ ಗೆದ್ದಿತು. 12ರಂದು ಪ್ರತಿನಿಧಿ ಸಭೆಯು 220 ಮತಗಳಿಂದ, 207ರ ವಿರೋಧದಲ್ಲಿ, ಅದನ್ನು ಅಂಗೀಕರಿಸಿತು. ಎರಡು ಸಭೆಗಳಲ್ಲಿಯೂ ಒಬ್ಬನೇ ಒಬ್ಬ ರಿಪಬ್ಲಿಕನ್ ಸದಸ್ಯನು ಅದರ ಪರವಾಗಿ ಕೈಯೆತ್ತಲಿಲ್ಲ.

ಅಮೇರಿಕದ ಶಾಸನಸಭೆಗೆ ಕಾಂಗ್ರೆಸ್ಸೆಂದು ಹೆಸರು (ನಮ್ಮ ಕಾಂಗ್ರೆಸ್ಸಿಗೂ ಅದಕ್ಕೂ ಏನೂ ನಂಟಿಲ್ಲ). ಆ ಸಭೆಯ ಕೈಕೆಳಗೆ, ಯಾವ ಪಕ್ಷಕ್ಕೂ ಸೇರದ ಆಯವ್ಯಯ ಕಚೇರಿಯೊಂದಿದೆ. ಮಸೂದೆಯು ಚರ್ಚೆಯಲ್ಲಿದ್ದಾಗಲೇ ಆ ಕಚೇರಿಯವರು ಲೆಕ್ಕ ಹಾಕಿ, ಇದರಿಂದ 2023ರಲ್ಲಿ ಹಣದುಬ್ಬರವು ಶೇಕಡಾ ಒಂದರ ಹತ್ತನೆಯ ಒಂದು ಪಾಲು ಇಳಿಯಲೂಬಹುದು, ಅಷ್ಟೇ ಏರಲೂಬಹುದು ಎಂದು ತಿಳಿಸಿದರು. ಅಂದರೆ ಪರಿಣಾಮವಿಲ್ಲವೆಂದೇ ಅರ್ಥ. ಮುಂದೆ ಹಣದುಬ್ಬರ ಇಳಿದದ್ದೇನೋ ನಿಜ; 2023ನೆಯ ಜೂನ್ ಹೊತ್ತಿಗೆ ಅದು ಶೇಕಡಾ 3ಕ್ಕೆ ಬಂದಿತ್ತು. ಸರಕು ಸಾಗಣೆ ಮತ್ತೆ ಹದಕ್ಕೆ ಬಂದದ್ದು, ಎಣ್ಣೆಯ ಬೆಲೆ ಕುಸಿದದ್ದು, ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್ 2022ನೆಯ ಮಾರ್ಚಿಯಲ್ಲಿ ಹೆಚ್ಚುಕಡಿಮೆ ಸೊನ್ನೆಯಲ್ಲಿದ್ದ ಬಡ್ಡಿಯ ದರವನ್ನು 2023ನೆಯ ಜುಲೈ ಹೊತ್ತಿಗೆ ಶೇಕಡಾ 5.25ರಿಂದ 5.5ರ ಮಟ್ಟಕ್ಕೆ ಏರಿಸಿದ್ದು, ಇವು ಅದಕ್ಕೆ ಹೇಳಬಹುದಾದ ಕಾರಣಗಳು. ಆದಕಾರಣ ಈ ಕಾಯಿದೆಯು ಉಬ್ಬರವನ್ನು ಇಳಿಸಿತೆಂದು ಹೇಳಿದವರೂ, ಅದೇ ಕಾಯಿದೆಯು ಉಬ್ಬರದ ಬೆಂಕಿಗೆ ತುಪ್ಪ ಹೊಯ್ಯುವುದೆಂದು ಕೂಗಿದವರೂ ಒಂದೇ ದೋಣಿಯಲ್ಲಿ ಕುಳಿತವರಾದರು.

ತೆರಿಗೆಯ ಭಾಗವನ್ನು ಕುರಿತು ಹೆಚ್ಚು ಬರೆಯಬೇಕಾದುದಿಲ್ಲ. 2017ನೆಯ ಇಸವಿಯಲ್ಲಿ ಟ್ರಂಪ್ ಸರಕಾರವು ಕಂಪೆನಿಗಳ ಮೇಲಣ ತೆರಿಗೆಯನ್ನು ಶೇಕಡಾ 35ರಿಂದ 21ಕ್ಕೆ ಇಳಿಸಿತ್ತು. ಆ 21ನ್ನಾದರೂ ಸಂಪೂರ್ಣವಾಗಿ ತೆತ್ತವರು ಕಡಿಮೆ. ಷೇರುದಾರರಿಗೆ ತೋರಿಸುವ ಲೆಕ್ಕದಲ್ಲಿ ಕೋಟ್ಯಂತರ ಡಾಲರುಗಳ ಲಾಭವನ್ನು ಬರೆದು, ತೆರಿಗೆಯ ಅಧಿಕಾರಿಗೆ ತೋರಿಸುವ ಲೆಕ್ಕದಲ್ಲಿ ಏನೂ ಉಳಿಯದಂತೆ ಮಾಡುವ ಕಲೆಯು ಅಲ್ಲಿ ಬಹಳ ಊರ್ಜಿತಕ್ಕೆ ಬಂದಿದೆ. ವರುಷಕ್ಕೆ ಸರಾಸರಿ 100 ಕೋಟಿ ಡಾಲರಿಗೆ ಮೀರಿದ ಲಾಭವನ್ನು ಷೇರುದಾರರಿಗೆ ತೋರಿಸುವ ಕಂಪೆನಿಯು ಆ ಲಾಭದ ಮೇಲೆ ಕನಿಷ್ಠಪಕ್ಷ ಶೇಕಡಾ 15ರಷ್ಟನ್ನಾದರೂ ತೆರಬೇಕೆಂದು ಹೊಸ ಕಾಯಿದೆ ವಿಧಿಸಿತು. ಕಂಪೆನಿಗಳು ತಮ್ಮ ಷೇರುಗಳನ್ನೇ ಮರಳಿ ಕೊಂಡಾಗ ಶೇಕಡಾ 1ರ ಸುಂಕವನ್ನೂ ಹಾಕಿತು. ಈ ಸುಂಕವು ಬಂದುದಕ್ಕೆ ಒಂದು ಕಥೆಯಿದೆ. ದೊಡ್ಡ ಹಣಹೂಡಿಕೆಯ ಸಂಸ್ಥೆಗಳ ಯಜಮಾನರಿಗೆ ದೊರೆಯುತ್ತಿದ್ದ ತೆರಿಗೆಯ ರಿಯಾಯತಿಯೊಂದನ್ನು ಮೊಟಕುಮಾಡಬೇಕೆಂದು ಮಸೂದೆಯಲ್ಲಿತ್ತು. ಅರಿಜೋನಾದ ಸೆನೆಟರ್ ಕಿರ್ಸ್ಟನ್ ಸಿನೆಮಾ ಅವರು ಅದಕ್ಕೆ ಒಪ್ಪದೆ ಇದ್ದುದರಿಂದ ಆ ವಿಧಿಯನ್ನು ಕೈಬಿಟ್ಟು, ನಷ್ಟವನ್ನು ತುಂಬಲು ಈ ಸುಂಕವನ್ನು ಸೇರಿಸಿದರು. ಬಡವರ ಹೆಸರಿನಲ್ಲಿ ಹೊರಟ ರಥವು ಧನಿಕರ ಹಟ್ಟಿಯ ಮುಂದೆ ಒಂದು ಗಳಿಗೆ ನಿಂತೇ ಮುಂದೆ ಹೋಯಿತು.

ತೆರಿಗೆಯ ಇಲಾಖೆಗೆ ಹತ್ತು ವರುಷಗಳಲ್ಲಿ ಕೊಡಬೇಕೆಂದಿದ್ದ ಸುಮಾರು 8,000 ಕೋಟಿ ಡಾಲರುಗಳ ವಿಷಯದಲ್ಲಂತೂ ವಾದವು ಹಾಸ್ಯಾಸ್ಪದವಾಯಿತು. ಸರಕಾರವು 87,000 ಮಂದಿ ತೆರಿಗೆಯ ಜವಾನರನ್ನು ಜನರ ಮನೆಬಾಗಿಲಿಗೆ ಅಟ್ಟಲಿದೆಯೆಂದು ರಿಪಬ್ಲಿಕನ್ನರು ಊರೂರಿಗೆ ಸಾರಿದರು. ಆ ಸಂಖ್ಯೆಯು ಹಣಕಾಸಿನ ಇಲಾಖೆಯು 2021ರಲ್ಲಿ ಪ್ರಕಟಿಸಿದ ವರದಿಯೊಂದರಿಂದ ಎತ್ತಿದ್ದು. ಅದರಲ್ಲಿ ಗುಮಾಸ್ತರೂ, ಯಂತ್ರ ನೋಡಿಕೊಳ್ಳುವವರೂ, ಪಿಂಚಣಿ ಪಡೆದು ಹೋಗುವವರ ಜಾಗಕ್ಕೆ ಬರುವವರೂ ಸೇರಿದ್ದರು. ಕಚೇರಿಗಳ ಅಂತರಂಗವನ್ನು ಬಲ್ಲ ನಮ್ಮ ಅಧಿಕಾರಿ ವಾಚಕರಿಗೆ ಈ ವ್ಯತ್ಯಾಸವನ್ನು ವಿವರಿಸಬೇಕಾದುದಿಲ್ಲ.

ಇನ್ನು ಔಷಧದ ವಿಷಯ. ಅರುವತ್ತೈದು ವರುಷ ದಾಟಿದವರಿಗಾಗಿ 1965ರಲ್ಲಿ ಅಧ್ಯಕ್ಷ ಜಾನ್ಸನ್ನರು ಸ್ಥಾಪಿಸಿದ ಮೆಡಿಕೇರ್ ಎಂಬ ಸರಕಾರೀ ಆರೋಗ್ಯ ವಿಮೆಯು ಮೊದಲ ನಾಲ್ಕು ದಶಕಗಳ ಕಾಲ ಆಸ್ಪತ್ರೆಯ ಮತ್ತು ವೈದ್ಯರ ವೆಚ್ಚವನ್ನು ಕೊಡುತ್ತಿದ್ದಿತೇ ಹೊರತು, ಮನೆಯಲ್ಲಿ ನುಂಗುವ ಗುಳಿಗೆಗಳ ವೆಚ್ಚವನ್ನು ಸಾಮಾನ್ಯವಾಗಿ ಕೊಡುತ್ತಿರಲಿಲ್ಲ. 2003ರಲ್ಲಿ ಬುಷ್ ಸರಕಾರವು ಗುಳಿಗೆಗಳನ್ನೂ ವಿಮೆಗೆ ಸೇರಿಸಿತು. ಒಳ್ಳೆಯ ಕೆಲಸವೇ. ಆದರೆ ಅದೇ ಕಾಯಿದೆಯಲ್ಲಿ, ಔಷಧ ಕಂಪೆನಿಗಳೊಡನೆ ಬೆಲೆಯ ಚೌಕಾಸಿಯಲ್ಲಿ ಸರಕಾರವು ತಲೆಹಾಕತಕ್ಕದ್ದಲ್ಲವೆಂಬ ಒಂದು ವಿಧಿಯನ್ನು ಸೇರಿಸಿದರು. ಕೋಟಿಗಟ್ಟಲೆ ಮುದುಕರ ಪರವಾಗಿ ಹಣ ಕೊಡುವ ಯಜಮಾನನು ಅಂಗಡಿಗೆ ಹೋಗಿ “ಈ ಜಿನಸಿಗೆ ಎಷ್ಟು? ಸ್ವಲ್ಪ ಕಡಿಮೆ ಮಾಡು” ಎನ್ನುವುದು ಕಾನೂನಿಗೆ ವಿರೋಧವಾಯಿತು! ಸೈನ್ಯದಿಂದ ನಿವೃತ್ತರಾದವರ ಆಸ್ಪತ್ರೆಗಳಿಗೆ ಕಡಿಮೆ ಬೆಲೆಯಲ್ಲಿ ಔಷಧ ದೊರೆಯುವಂತೆ 1992ರ ಕಾಯಿದೆಯೇ ಏರ್ಪಾಡು ಮಾಡಿದ್ದಿತು. ಸಿಪಾಯಿಗೆ ಸಲ್ಲುವ ನ್ಯಾಯವು ಸಾಮಾನ್ಯ ವೃದ್ಧನಿಗೆ ಸಲ್ಲಲಿಲ್ಲ.

ಆ 2003ರ ಕಾಯಿದೆಯು ಪಾಸಾದ ರೀತಿಯನ್ನೂ ಇಲ್ಲಿ ಹೇಳಬೇಕು. ನವೆಂಬರ್ 22ರ ಬೆಳಗಿನ ಜಾವ ಪ್ರತಿನಿಧಿ ಸಭೆಯಲ್ಲಿ ಮತಗಣನೆ ಆರಂಭವಾಗಿ, ಸಾಕಷ್ಟು ಮತಗಳು ಬೀಳದಿರಲು, ಹದಿನೈದು ನಿಮಿಷಗಳಲ್ಲಿ ಮುಗಿಯಬೇಕಾಗಿದ್ದ ಗಣನೆಯನ್ನು ಸುಮಾರು ಮೂರು ಗಂಟೆಗಳ ಕಾಲ ಎಳೆದು, ಸದಸ್ಯರನ್ನು ಒಬ್ಬೊಬ್ಬರನ್ನಾಗಿ ಒಲಿಸಿ 220ಕ್ಕೆ 215ರಂತೆ ಗೆದ್ದರು. ಅದರ ವೆಚ್ಚವು ಹತ್ತು ವರುಷಗಳಿಗೆ 40,000 ಕೋಟಿ ಡಾಲರೆಂದು ಸದಸ್ಯರಿಗೆ ತಿಳಿಸಲಾಗಿತ್ತು. ಸರಕಾರದ ಮುಖ್ಯ ಗಣಕರಾದ ರಿಚರ್ಡ್ ಫಾಸ್ಟರರ ಬಳಿ ಇದಕ್ಕಿಂತ ಬಹಳ ದೊಡ್ಡ ಅಂಕಿಯಿದ್ದರೂ ಅದನ್ನು ಸಭೆಗೆ ಕೊಡದಂತೆ ಮೇಲಿನವರು ತಡೆದಿದ್ದರೆಂಬುದು ಅನಂತರ ಬಯಲಾಯಿತು. ಕಾಯಿದೆಯನ್ನು ರೂಪಿಸಿದ ಸಮಿತಿಯೊಂದರ ಅಧ್ಯಕ್ಷರಾಗಿದ್ದ ಬಿಲ್ಲಿ ಟಾಜಿನ್ ಎಂಬವರು 2005ರಲ್ಲಿ ಔಷಧ ಕಂಪೆನಿಗಳ ಸಂಘಕ್ಕೇ ಅಧ್ಯಕ್ಷರಾಗಿ ಹೋದರು. ಟೀಕೆ ಅನಾವಶ್ಯಕ. ಸರಕಾರದ ವೆಚ್ಚದ ಮೇಲೆ ಹದ್ದುಗಣ್ಣಿಡುವ ಪಕ್ಷವೆಂದು ಹೆಸರಾದುದು ಸಾಲದ ಹಣದಿಂದ ಇಷ್ಟು ದೊಡ್ಡ ವೆಚ್ಚವನ್ನು ಹೊತ್ತುಕೊಂಡು, ಆ ವೆಚ್ಚವನ್ನು ಇಳಿಸಬಹುದಾಗಿದ್ದ ಚೌಕಾಸಿಯನ್ನು ಮಾತ್ರ ನಿಷೇಧಿಸಿತು.

2022ರ ಕಾಯಿದೆಯು ಈ ಬೀಗವನ್ನು ಅರ್ಧ ತೆರೆಯಿತು. ಬಹಳ ವೆಚ್ಚ ತಗಲುವ, ಬಹುಕಾಲದಿಂದ ಪ್ರತಿಸ್ಪರ್ಧಿಯಿಲ್ಲದೆ ಮಾರಾಟವಾಗುತ್ತಿರುವ ಔಷಧಗಳನ್ನು ವರುಷಕ್ಕೆ ಕೆಲವರಂತೆ ಆರಿಸಿ, ಅವುಗಳ ಬೆಲೆಯನ್ನು ಸರಕಾರವು ಚೌಕಾಸಿ ಮಾಡಬಹುದೆಂದಿತು. ಮೊದಲ ಹತ್ತರ ಪಟ್ಟಿ 2023ನೆಯ ಆಗಸ್ಟ್ 29ರಂದು ಹೊರಟಿತು. ನಿಗದಿಯಾದ ಬೆಲೆಗಳು 2024ನೆಯ ಆಗಸ್ಟ್ 15ರಂದು ಪ್ರಕಟವಾದವು. ಮಧುಮೇಹಕ್ಕೆ ಕೊಡುವ ಜಾನುವಿಯಾ ಎಂಬ ಗುಳಿಗೆಗೆ ತಿಂಗಳಿಗೆ 527 ಡಾಲರಿದ್ದದ್ದು 113ಕ್ಕೆ ಇಳಿಯಿತು. ರಕ್ತ ಹೆಪ್ಪುಗಟ್ಟದಂತೆ ಕೊಡುವ ಎಲಿಕ್ವಿಸ್ 521ರಿಂದ 231ಕ್ಕೆ. (ಮೊದಲಿನವು ಕಂಪೆನಿಯ ಪಟ್ಟಿಯ ಬೆಲೆಗಳು; ವಿಮೆಯ ಸಂಸ್ಥೆಗಳಿಗೆ ಗುಟ್ಟಾಗಿ ಮುರಿದುಕೊಡುತ್ತಿದ್ದ ಸೋಡಿಯನ್ನು ಕಳೆದರೆ ಅಂತರ ಇಷ್ಟಿರುವುದಿಲ್ಲ.) ಈ ಬೆಲೆಗಳು 2023ರಲ್ಲಿಯೇ ಜಾರಿಯಲ್ಲಿದ್ದಿದ್ದರೆ ಆ ಒಂದು ವರುಷದಲ್ಲಿ ಬೊಕ್ಕಸಕ್ಕೆ ಸುಮಾರು 600 ಕೋಟಿ ಡಾಲರು ಉಳಿಯುತ್ತಿತ್ತೆಂದು ಸರಕಾರದ ಲೆಕ್ಕ. ಅಲ್ಲದೆ, ವೃದ್ಧನೊಬ್ಬನು ಗುಳಿಗೆಗಳಿಗಾಗಿ ಕೈಯಿಂದ ಕೊಡುವ ಹಣಕ್ಕೆ 2025ರಿಂದ ವರುಷಕ್ಕೆ 2,000 ಡಾಲರುಗಳ ಮಿತಿ ಬಂದಿತು.

ಇನ್ಸುಲಿನ್ನಿನ ಕಥೆ ಇನ್ನೂ ಮನಮುಟ್ಟುವಂತಹುದು. ಟೊರಾಂಟೊ ನಗರದಲ್ಲಿ ಅದನ್ನು ಕಂಡುಹಿಡಿದವರು 1923ರಲ್ಲಿ ಅದರ ಪೇಟೆಂಟನ್ನು ಅಲ್ಲಿನ ವಿಶ್ವವಿದ್ಯಾಲಯಕ್ಕೆ ಒಂದೊಂದು ಡಾಲರಿನ ನಾಮಮಾತ್ರದ ಬೆಲೆಗೆ ಬಿಟ್ಟುಕೊಟ್ಟಿದ್ದರು. ನೂರು ವರುಷಗಳ ತರುವಾಯ ಅದೇ ಔಷಧದ ಬೆಲೆಯನ್ನು ಕೊಡಲಾರದೆ ಅಮೇರಿಕದ ರೋಗಿಗಳು ಅಳತೆ ತಗ್ಗಿಸಿ ಚುಚ್ಚಿಕೊಳ್ಳುತ್ತಿದ್ದರು. ಕಾಯಿದೆಯು ಮೆಡಿಕೇರಿನ ವೃದ್ಧರಿಗೆ ತಿಂಗಳ ಇನ್ಸುಲಿನ್ನಿಗೆ 35 ಡಾಲರೆಂದು ಮಿತಿ ಹಾಕಿತು. ಖಾಸಗೀ ವಿಮೆಯುಳ್ಳ ಕಿರಿಯರಿಗೂ ಅದೇ ಮಿತಿಯನ್ನು ವಿಸ್ತರಿಸಬೇಕೆಂಬ ಸೂಚನೆಗೆ ಸೆನೆಟ್ಟಿನಲ್ಲಿ 57 ಮತಗಳು ಬಿದ್ದವು, ವಿರೋಧವಾಗಿ 43. ಸಭೆಯ ನಿಯಮದ ಪ್ರಕಾರ 60 ಬೇಕಾಗಿದ್ದುದರಿಂದ ಗೆದ್ದವರೇ ಸೋತರು. ಏಳು ಮಂದಿ ರಿಪಬ್ಲಿಕನ್ನರು ಆ ದಿನ ಪಕ್ಷವನ್ನು ಬಿಟ್ಟು ರೋಗಿಗಳ ಕಡೆಗೆ ಮತವಿತ್ತುದನ್ನು ಸ್ಮರಿಸುವುದು ಉಚಿತ. 2023ನೆಯ ಮಾರ್ಚಿಯಲ್ಲಿ ಇನ್ಸುಲಿನ್ ತಯಾರಿಸುವ ದೊಡ್ಡ ಕಂಪೆನಿಗಳು ತಾವಾಗಿಯೇ ಬೆಲೆ ಇಳಿಸುವುದಾಗಿ ಸಾರಿದವು. ಸಾಧ್ಯವಿಲ್ಲವೆಂದು ಹೇಳುತ್ತಿದ್ದುದು ಇದ್ದಕ್ಕಿದ್ದಂತೆ ಸಾಧ್ಯವಾಯಿತು.

ಕಂಪೆನಿಗಳ ವಾದವನ್ನು ಕೇಳದೆ ತೀರ್ಪು ಕೊಡುವುದು ಧರ್ಮವಲ್ಲ. ಹೊಸ ಔಷಧವೊಂದನ್ನು ಕಂಡುಹಿಡಿಯಲು ವರುಷಗಟ್ಟಲೆ ಶ್ರಮ, ಅಪಾರ ಬಂಡವಾಳ ಬೇಕು. ಹತ್ತು ಪ್ರಯತ್ನಗಳಲ್ಲಿ ಒಂಬತ್ತು ಮಣ್ಣುಪಾಲಾಗುತ್ತವೆ. ಲಾಭವನ್ನು ಕಿತ್ತುಕೊಂಡರೆ ನಾಳೆಯ ರೋಗಿಗೆ ಔಷಧವಿಲ್ಲ ಎಂಬುದು ಅವರ ವಾದ. ಇದು ಪೊಳ್ಳಲ್ಲ. ಗುಳಿಗೆಗಳಿಗೆ ಒಂಬತ್ತು ವರುಷ, ಜೀವಾಣುಗಳಿಂದ ತಯಾರಿಸುವ ಔಷಧಗಳಿಗೆ ಹದಿಮೂರು ವರುಷವೆಂದು ಕಾಯಿದೆಯು ಬೇರೆ ಬೇರೆ ಅವಧಿಯನ್ನು ಗೊತ್ತುಮಾಡಿದ್ದು ಗುಳಿಗೆಗಳ ಸಂಶೋಧನೆಗೆ ಅನ್ಯಾಯವೆಂಬ ಆಕ್ಷೇಪಣೆಯೂ ವಿಚಾರಾರ್ಹವಾದುದೇ. ಆದರೆ ಹಾನಿ ಎಷ್ಟೆಂದು ಅಳೆಯಬೇಡವೆ? ಹಿಂದೆ ಹೇಳಿದ ಆಯವ್ಯಯ ಕಚೇರಿಯ ಅಂದಾಜಿನಂತೆ ಮುಂದಿನ ಮೂವತ್ತು ವರುಷಗಳಲ್ಲಿ ಬರಬಹುದಾದ ಸುಮಾರು 1,300 ಹೊಸ ಔಷಧಗಳಲ್ಲಿ 13 ಬಾರದೆ ಹೋಗಬಹುದು. ಬಾರದ ಆ ಹದಿಮೂರರಲ್ಲಿ ಯಾವುದು ಯಾರ ಪ್ರಾಣವನ್ನು ಉಳಿಸುತ್ತಿತ್ತೋ ಹೇಳಲಾಗದು. ಆದರೆ ಕೊಳ್ಳಲಾರದ ಔಷಧವೂ ರೋಗಿಯ ಪಾಲಿಗೆ ಹುಟ್ಟದ ಔಷಧವೇ ಸರಿ. ರ‍್ಯಾಂಡ್ ಸಂಸ್ಥೆಯವರು ಮುಂದುವರಿದ 33 ದೇಶಗಳೊಡನೆ ಹೋಲಿಸಿ ನೋಡಿದಲ್ಲಿ 2022ರಲ್ಲಿ ಅಮೇರಿಕದ ಔಷಧದ ಬೆಲೆಗಳು ಎರಡೂಮುಕ್ಕಾಲು ಪಟ್ಟು ಇದ್ದವು. ಜಗತ್ತಿನ ಸಂಶೋಧನೆಯ ಭಾರವನ್ನು ಅಮೇರಿಕದ ವೃದ್ಧನೊಬ್ಬನೇ ಹೊರಬೇಕೆಂಬುದಕ್ಕೆ ಕಂಪೆನಿಗಳಲ್ಲಿ ಉತ್ತರವಿಲ್ಲ.

ಈ ವಿಷಯ ನಮ್ಮವರಿಗೆ ದೂರದ್ದಲ್ಲ. ಪೇಟೆಂಟ್ ಮುಗಿದ ಅಗ್ಗದ ಔಷಧಗಳ ಬಹುದೊಡ್ಡ ಪಾಲನ್ನು ಅಮೇರಿಕಕ್ಕೆ ಕಳುಹಿಸುತ್ತಿರುವುದು ಭಾರತವೇ. ಇಂತಹವುಗಳಲ್ಲಿ ಅಲ್ಲಿನ ಬೆಲೆಗಳೂ ದುಬಾರಿಯಲ್ಲ. ಮೇಲೆ ಹೇಳಿದ ಜಾನುವಿಯಾದಲ್ಲಿರುವ ಮದ್ದಿನ ಹೆಸರು ಸಿಟಾಗ್ಲಿಪ್ಟಿನ್. 2022ನೆಯ ಜುಲೈಯಲ್ಲಿ ಭಾರತದಲ್ಲಿ ಅದರ ಪೇಟೆಂಟ್ ತೀರಿದ ಕೂಡಲೆ ಹಲವು ಕಂಪೆನಿಗಳು ಅದನ್ನು ತಯಾರಿಸತೊಡಗಿದವು. ಅದೇ ಸೆಪ್ಟೆಂಬರಿನಲ್ಲಿ ಜನೌಷಧಿ ಅಂಗಡಿಗಳಲ್ಲಿ 100 ಮಿಲಿಗ್ರಾಮಿನ ಹತ್ತು ಗುಳಿಗೆಗಳಿಗೆ 100 ರೂಪಾಯಿಯೆಂದು ಬೆಲೆ ಗೊತ್ತಾಯಿತು. ತಿಂಗಳಿಗೆ 300 ರೂಪಾಯಿ. ಅಂದಿನ ವಿನಿಮಯದಲ್ಲಿ 4 ಡಾಲರಿಗೂ ಕಡಿಮೆ. ಅಮೇರಿಕದಲ್ಲಿ ಏಕಸ್ವಾಮ್ಯ ಮುಗಿಯದೆ ಇದ್ದುದರಿಂದ ಹೋಲಿಕೆ ಪೂರ್ತಿ ಸಮವಲ್ಲವೆಂಬುದನ್ನು ಒಪ್ಪಿಕೊಳ್ಳಬೇಕು. ಆದರೂ ಗುಳಿಗೆಯ ಬೆಲೆಯನ್ನು ಗೊತ್ತುಮಾಡುವುದು ಅದನ್ನು ತಯಾರಿಸುವ ಖರ್ಚಲ್ಲ, ಬೇರೊಬ್ಬನು ಮಾರಬಹುದೆ ಇಲ್ಲವೆ ಎಂಬುದೇ ಎನ್ನುವುದನ್ನು ಈ ಎರಡು ಅಂಕಿಗಳು ತೋರಿಸುತ್ತವೆ. ನಮ್ಮ 1970ರ ಪೇಟೆಂಟ್ ಕಾಯಿದೆಯು ಔಷಧದ ವಸ್ತುವಿಗೆ ಹಕ್ಕು ಕೊಡದೆ ತಯಾರಿಕೆಯ ವಿಧಾನಕ್ಕೆ ಮಾತ್ರ ಕೊಟ್ಟದ್ದರಿಂದ, ಆ ನಿಯಮವು 2005ರಲ್ಲಿ ಬದಲಾಗುವವರೆಗೆ, ನಮ್ಮ ಔಷಧೋದ್ಯಮ ಬೆಳೆಯಲು ಅವಕಾಶವಾಯಿತು.

ಮುಂದಿನ ಸಂಗತಿಗಳು ಪಕ್ಷಗಳ ಮಾತಿಗೂ ನಡತೆಗೂ ಇರುವ ಅಂತರವನ್ನು ಇನ್ನಷ್ಟು ಬಯಲಿಗೆ ತಂದವು. 2025ನೆಯ ಜುಲೈ 4ರಂದು ಟ್ರಂಪರು ರುಜು ಹಾಕಿದ ದೊಡ್ಡ ಕಾಯಿದೆಯು, ಆಯವ್ಯಯ ಕಚೇರಿಯ ಲೆಕ್ಕದಂತೆ, ಹತ್ತು ವರುಷಗಳಲ್ಲಿ ಕೊರತೆಗೆ 3.4 ಲಕ್ಷ ಕೋಟಿ ಡಾಲರುಗಳನ್ನು ಕೂಡಿಸುವಂತಹುದು. ಮೂರು ವರುಷಗಳ ಹಿಂದೆ ಸಾಲದ ಭಯವನ್ನು ವರ್ಣಿಸಿದವರೇ ಅದಕ್ಕೆ ಮತ ಕೊಟ್ಟರು; ಸೆನೆಟ್ಟಿನಲ್ಲಿ ಲೆಕ್ಕ ಹಾಕುವ ವಿಧಾನವನ್ನೇ ಬದಲಿಸಿ, ಹಳೆಯ ತೆರಿಗೆಯ ರಿಯಾಯತಿಗಳನ್ನು ಮುಂದುವರಿಸಿದರೆ ವೆಚ್ಚವೇ ಆಗುವುದಿಲ್ಲವೆಂದರು. ಅಲ್ಲಿಯೂ ಉಪಾಧ್ಯಕ್ಷರ ಒಂದು ಮತದಿಂದಲೇ ಜಯ. ಸೂರ್ಯಶಕ್ತಿ, ವಿದ್ಯುತ್ತಿನ ಮೋಟಾರುಗಳು ಮುಂತಾದವುಗಳಿಗೆ ಬೈಡನ್ನರ ಕಾಯಿದೆಯು ಕೊಟ್ಟಿದ್ದ ತೆರಿಗೆಯ ಸೌಲಭ್ಯಗಳನ್ನು ಬಹುಮಟ್ಟಿಗೆ ಕತ್ತರಿಸಿದರು. ಔಷಧದ ಚೌಕಾಸಿಯನ್ನು ಮಾತ್ರ ತೆಗೆಯಲಿಲ್ಲ. ಅಪರೂಪದ ರೋಗಗಳ ಔಷಧಗಳಿಗೆ ವಿನಾಯತಿಯನ್ನು ಹಿಗ್ಗಿಸಿದರೆಂಬುದು ನಿಜ. ಆದರೆ ತಮ್ಮ ಪಕ್ಷದ ಒಬ್ಬನೂ ಒಪ್ಪದಿದ್ದ ಕಾಯಿದೆಯ ಮೇರೆಗೆ ಓಜೆಂಪಿಕ್ ಮುಂತಾದ ಇನ್ನೂ ಹದಿನೈದು ಔಷಧಗಳ ಬೆಲೆಯನ್ನು ಚೌಕಾಸಿ ಮಾಡಿ 2025ನೆಯ ನವೆಂಬರಿನಲ್ಲಿ ಹೆಮ್ಮೆಯಿಂದ ಪ್ರಕಟಿಸಿದವರು ಟ್ರಂಪರ ಅಧಿಕಾರಿಗಳೇ. ಅದಕ್ಕೂ ಮೊದಲು, ಮೇ 12ರಂದು, ಇತರ ಶ್ರೀಮಂತ ದೇಶಗಳಲ್ಲಿನ ಕಡಿಮೆ ಬೆಲೆಯನ್ನೇ ಅಮೇರಿಕಕ್ಕೂ ಕೊಡಬೇಕೆಂದು ಕಂಪೆನಿಗಳಿಗೆ ತಾಕೀತು ಮಾಡುವ ಆಜ್ಞೆಯನ್ನು ಅಧ್ಯಕ್ಷರು ಹೊರಡಿಸಿದ್ದರು. 2022ರಲ್ಲಿ ಸಮಾಜವಾದವೆಂದು ಜರೆದುದನ್ನು 2025ರಲ್ಲಿ ರಾಷ್ಟ್ರಹಿತವೆಂದು ಕರೆದರು.

ಮೊದಲ ಹತ್ತು ಔಷಧಗಳ ಹೊಸ ಬೆಲೆಗಳು 2026ನೆಯ ಜನವರಿ 1ರಂದು ಜಾರಿಗೆ ಬಂದವು. ಅದರ ಹಿಂದಿನ ದಿನವೇ ಅದೇ 2022ರ ಕಾಯಿದೆಯ ಇನ್ನೊಂದು ಏರ್ಪಾಡು, ಅಂದರೆ ಸ್ವಂತ ಖರ್ಚಿನಲ್ಲಿ ಆರೋಗ್ಯ ವಿಮೆ ಕೊಳ್ಳುವ ಅರುವತ್ತೈದರ ಒಳಗಿನವರಿಗೆ ಕೊಡುತ್ತಿದ್ದ ಹೆಚ್ಚಿನ ಸಹಾಯದ್ರವ್ಯವು, ಅವಧಿ ಮುಗಿದು ನಿಂತುಹೋಯಿತು. ಅದನ್ನು ಮುಂದುವರಿಸಬೇಕೆ ಬೇಡವೆ ಎಂಬ ಹಠದಲ್ಲಿ 2025ನೆಯ ಅಕ್ಟೋಬರ್ 1ರಿಂದ 43 ದಿನಗಳ ಕಾಲ ಕೇಂದ್ರ ಸರಕಾರದ ಕಚೇರಿಗಳು ಮುಚ್ಚಿದ್ದವು. ಬಾಗಿಲು ತೆರೆದಾಗ ಆ ಪ್ರಶ್ನೆ ಮುಚ್ಚುವ ದಿನ ಎಲ್ಲಿತ್ತೋ ಅಲ್ಲಿಯೇ ಇತ್ತು. ಹೀಗೆ ಎರಡು ದಿನಗಳ ಅಂತರದಲ್ಲಿ ತಂದೆಯ ಗುಳಿಗೆ ಅಗ್ಗವಾಯಿತು, ಮಗನ ವಿಮೆ ತುಟ್ಟಿಯಾಯಿತು.